ಗೋಂದು ಹಚ್ಚುವ ಚೂಡಾಮಣಿಯವರ ಬಾಯಿಗೆ ದರ್ಜೆ ನಿಗದಿಪಡಿಸುವ ಬಗ್ಗೆ

ಸಂಖ್ಯೆ: ಪಚೀ/ಗೋಂದು/ಕಥೆ/17/1983-84
ಪಡಿತರ ಚೀಟಿ ಕಚೇರಿ, ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು
ದಿನಾಂಕ: 14-11-1983

ಸುತ್ತೋಲೆ

ವಿಷಯ: ದಿನಗೂಲಿ ನೌಕರರಾದ ಕುಮಾರಿ ಚೂಡಾಮಣಿಯವರ ಕೈಗೆ ಮಾತ್ರ ಕೂಲಿ ಸಲ್ಲುತ್ತಿದ್ದು, ಬಾಯಿಗೂ ತಕ್ಕ ಸಂಬಳ ಕೋರಿರುವ ಬಗ್ಗೆ.

ಉಲ್ಲೇಖ: 1) ಸದರಿಯವರ ಅರ್ಜಿ, ದಿ. 17-10-1983.
2) ಸಾರ್ವಜನಿಕರ ಗಲಾಟೆ, ದಿ. 18-10-1983 ಮತ್ತು ಅಂದಿನಿಂದ ಪ್ರತಿದಿನ.

ಒಂದಾನೊಂದು ಕಾಲದಲ್ಲಿ, ಅಂದರೆ ಕಳೆದ ಆರ್ಥಿಕ ವರ್ಷದಿಂದ, ಈ ಕಚೇರಿಯಲ್ಲಿ ಹೊಸಕೆರೆಹಳ್ಳಿಯ ಚೂಡಾಮಣಿ ಎಂಬ ಹುಡುಗಿ ಇದ್ದರೆಂದು ಹಾಜರಿ ಪುಸ್ತಕದಿಂದ ತಿಳಿದುಬರುತ್ತದೆ. ಪಡಿತರ ಚೀಟಿಗಳಿಗೆ ಗೋಂದು ಹಚ್ಚಿ ನವೀಕರಣದ ಹಾಳೆ ಅಂಟಿಸುವುದು ಅವರ ಕೆಲಸ. ಅಂಟಿಸುತ್ತಲೇ, ಅಜ್ಜಿ ಮಂಗಮ್ಮನವರಿಂದ ಕೇಳಿದ ಕಥೆಗಳನ್ನು ಕಿಟಕಿಯಾಚೆಯ ಸಾಲಿಗೆ ಹೇಳುವುದು ಅವರ ಅಭ್ಯಾಸ. ಸಾಲು ಉದ್ದವಿದ್ದ ದಿನ ರಾಜನಿಗೆ ಏಳು ಜನ ರಾಣಿಯರು. ಮಳೆ ಬಂದು ಸಾಲು ಕರಗಿದ ದಿನ ಒಬ್ಬಳೇ. ಕೊನೆಯವರ ಚೀಟಿಗೆ ಹಾಳೆ ಅಂಟುವುದಕ್ಕೂ ಕಥೆ ಮುಗಿಯುವುದಕ್ಕೂ ಒಮ್ಮೆಯಾದರೂ ಹೆಚ್ಚುಕಮ್ಮಿಯಾದ ದಾಖಲೆ ಇರುವುದಿಲ್ಲ.

ದಿ. 17-10-1983ರಂದು, ಕಥೆಯಲ್ಲಿ ರಾಜಕುಮಾರಿಯು ಬಾವಿಗೆ ಇಳಿದಿದ್ದ ಸಂದರ್ಭದಲ್ಲಿ, ಪ್ರಥಮ ದರ್ಜೆ ಸಹಾಯಕರಾದ ಶ್ರೀ ಗಂಗಾಧರಯ್ಯನವರು "ಏನಮ್ಮಾ, ಗೋಂದಿಗೆ ಕೂಲಿ ಕೊಟ್ರೆ ಕಥೆ ಫ್ರೀನಾ?" ಎಂದು ತಮಾಷೆ ಮಾಡಿರುತ್ತಾರೆ. ಸದರಿ ತಮಾಷೆಯಿಂದ ಚೂಡಾಮಣಿಯವರಿಗೆ ಯೋಚನೆ ಉಂಟಾಗಿರುತ್ತದೆ. ಗೋಂದು ಹಚ್ಚಲು ಯಾರಿಗಾದರೂ ಬರುತ್ತದೆ. ಇಷ್ಟು ಜನರನ್ನು ಜಗಳವಿಲ್ಲದೆ ನಿಲ್ಲಿಸಲು ಯಾರಿಗೆ ಬರುತ್ತದೆ? ಈ ಯೋಚನೆಯು ಬೆರಳಿನ ಗೋಂದು ಒಣಗಿ ಸಿಪ್ಪೆ ಏಳುವವರೆಗೂ ಮುಂದುವರಿದಿರುತ್ತದೆ. ಅಂದೇ ಅರ್ಜಿ ಸಲ್ಲಿಸಿ, ಅದು ತೀರ್ಮಾನವಾಗುವವರೆಗೆ ಕೈಯಿಂದ ಮಾತ್ರ ಕೆಲಸ ಮಾಡುವುದಾಗಿ ತಿಳಿಸಿ, ಬಾಯಿ ಮುಚ್ಚಿರುತ್ತಾರೆ. ಬೇಗ ತೀರ್ಮಾನಿಸುವುದಾಗಿ ಕಚೇರಿಯು ಮಾತು ಕೊಟ್ಟಿದ್ದು, ಅದರನ್ವಯ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಮರುದಿನವೇ ಸಾಲು ಮುರಿದು, ಕಿಟಕಿಯ ಒಂದು ಗಾಜು ಸಹ ಮುರಿದಿರುತ್ತದೆ. ಸಾಲಿನಲ್ಲಿ ಮೂರನೆಯವರಾದ ಮುನಿಲಕ್ಷ್ಮಮ್ಮನವರು "ಕಾರ್ಡ್ ಮನೆ ಹಾಳಾಗ್ಲಿ, ಆ ಹೆಣ್ಮಗ ಇನ್ನೂ ಬಾವೀಲೇ ಅವ್ಳಾ?" ಎಂದು ವಿಚಾರಿಸಿದ್ದು, ಈ ಬಗ್ಗೆ ಕಚೇರಿಯಲ್ಲಿ ಯಾವುದೇ ಮಾಹಿತಿ ಲಭ್ಯವಿರಲಿಲ್ಲ.

2. ಬದಲಿ ವ್ಯವಸ್ಥೆಯಾಗಿ, ಇಲಾಖಾ ಪರೀಕ್ಷೆಗಳಲ್ಲಿ ಉತ್ತೀರ್ಣರಾದ ಶ್ರೀ ಗಂಗಾಧರಯ್ಯನವರನ್ನೇ ಕಥೆ ಮುಂದುವರಿಸಲು ನಿಯೋಜಿಸಲಾಯಿತು. ಅವರು ರಾಣಿಯರ ಜ್ಯೇಷ್ಠತಾ ಪಟ್ಟಿಯನ್ನು ಓದಿ ಹೇಳಿ, ರಾಜಕುಮಾರಿಯನ್ನು ಮೇಲೆತ್ತಲು ಮೂರು ಕೊಟೇಶನ್ ಕರೆದಾಗ, ಸುದ್ದಗುಂಟೆಪಾಳ್ಯದ ಉಗ್ರಪ್ಪ ಎಂಬುವರು "ಬುಡಿ ಸಾರ್, ನಿಮ್ ಕೈಲಾಗಲ್ಲ. ನೀವು ಸೀಲ್ ಹೊಡೀರಿ" ಎಂದು ಲಿಖಿತವಲ್ಲದ ಆಕ್ಷೇಪಣೆ ಸಲ್ಲಿಸಿರುತ್ತಾರೆ.

3. ವೇತನ ಪಟ್ಟಿಯಲ್ಲಿ 'ಕಥೆ' ಎಂಬ ಶೀರ್ಷಿಕೆ ಇರುವುದಿಲ್ಲ. ಅಕಾರಾದಿಯಲ್ಲಿ ಅದರ ಹಿಂದೆ 'ಕಡತ ಹೊರುವವರು', ಮುಂದೆ 'ಕಸ ಗುಡಿಸುವವರು' ಇದ್ದು, ಎರಡರ ಸರಾಸರಿ ನೀಡಬಹುದೆಂಬ ಸಲಹೆಯನ್ನು ಅರ್ಜಿದಾರರು ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿರಾಕರಿಸಿರುತ್ತಾರೆ.

4. ಕೌಶಲ್ಯ ಅಳೆಯಲು ಅಧೀಕ್ಷಕಿ ಶ್ರೀಮತಿ ಕಮಲಾದೇವಿಯವರ ಅಧ್ಯಕ್ಷತೆಯಲ್ಲಿ ಮೂವರ ಸಮಿತಿ ರಚಿಸಲಾಯಿತು. ಪರೀಕ್ಷೆಗೆಂದು ಒಂದು ಬೇರೆ ಕಥೆ ಹೇಳಲು ಸೂಚಿಸಲಾಗಿ, ಅರ್ಜಿದಾರರು "ಮೇಡಂ, ಸಾಲು ಎಷ್ಟುದ್ದ ಇದೆ?" ಎಂದು ಕೇಳಿ, ಮೂರೇ ಜನವೆಂದು ತಿಳಿದು, ಮೂರು ಜನಕ್ಕಾಗುವಷ್ಟು ಆರಂಭಿಸಿದರು. ಕಥೆ ಮುಗಿಯಬಾರದೆಂದು ಸದಸ್ಯರು ಒಬ್ಬರ ಹಿಂದೊಬ್ಬರು ಮತ್ತೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದು, ಊಟದ ಡಬ್ಬಿಗಳನ್ನು ಅಂದು ತೆರೆಯಲಾಗಿರುವುದಿಲ್ಲ.

5. ಸದರಿ ಕಥೆಯಲ್ಲಿ ಕಪ್ಪೆಯೊಂದು ಹೆಣ್ಣು ಕೇಳಲು ಬಂದು ಚಾಪೆಯ ಮೇಲೆ ಕುಳಿತಿತೆಂಬ ಅಂಶಕ್ಕೆ ಲೆಕ್ಕ ಪರಿಶೋಧಕರು ಆಕ್ಷೇಪಿಸಿರುತ್ತಾರೆ. ನಡೆಯಲಾರದ್ದನ್ನು ನಡೆಯುತ್ತದೆಂದು ಸಾರ್ವಜನಿಕರಿಗೆ ಹೇಳುವ ಅಧಿಕಾರ, ಉದಾಹರಣೆಗೆ "ನಾಳೆ ಬನ್ನಿ, ಆಗಿರತ್ತೆ" ಎಂಬುದು, ದ್ವಿತೀಯ ದರ್ಜೆ ಸಹಾಯಕರು ಮತ್ತು ಮೇಲ್ಪಟ್ಟವರಿಗೆ ಮಾತ್ರ ಇರುತ್ತದೆ. ದಿನಗೂಲಿಯವರು ಇದನ್ನು ಒಂದು ವರ್ಷದಿಂದ, ಅದೂ ಜನ ನಂಬುವಂತೆ, ನಿರ್ವಹಿಸಿರುವುದು ಸಾಬೀತಾಗಿದೆ.

6. ಆದ್ದರಿಂದ ಅವರನ್ನು ಇಂದಿನಿಂದ 'ದ್ವಿತೀಯ ದರ್ಜೆ ಸಹಾಯಕಿ (ಬಾಯಿ)' ಹುದ್ದೆಗೆ, ಪೂರ್ಣ ಸಂಬಳದೊಂದಿಗೆ ನೇಮಿಸಲಾಗಿದೆ. ರಾಜಕುಮಾರಿಯನ್ನು ಬಾವಿಯಿಂದ ಎತ್ತುವುದು ಪ್ರಥಮ ಕರ್ತವ್ಯವಾಗಿರುತ್ತದೆ. ಗೋಂದು ಹಚ್ಚುವ ಹೆಚ್ಚುವರಿ ಪ್ರಭಾರವನ್ನು ಶ್ರೀ ಗಂಗಾಧರಯ್ಯನವರಿಗೆ ವಹಿಸಲಾಗಿದ್ದು, ಕುಂಚ ಸಿಗುವವರೆಗೆ ಬೆರಳು ಬಳಸತಕ್ಕದ್ದು.

7. ತಮ್ಮ ಕೌಶಲ್ಯಕ್ಕೆ ತಕ್ಕ ಸಂಬಳ ಬರುತ್ತಿದೆಯೇ ಎಂದು ಯೋಚಿಸಲಿಚ್ಛಿಸುವ ಇತರ ನೌಕರರು, ಮೊದಲು ಒಂದು ದಿನ ಆ ಕೌಶಲ್ಯವನ್ನು ನಿಲ್ಲಿಸಿ ನೋಡತಕ್ಕದ್ದು. ಯಾರೂ ಗಮನಿಸದಿದ್ದಲ್ಲಿ ಹಾಲಿ ಸಂಬಳವೇ ಜಾಸ್ತಿಯೆಂದು ಭಾವಿಸತಕ್ಕದ್ದು. ಕಚೇರಿಯ ಹಿತದೃಷ್ಟಿಯಿಂದ ಈ ಪ್ರಯೋಗವನ್ನು ಅಧಿಕಾರಿಗಳು ಮಾಡತಕ್ಕದ್ದಲ್ಲ.

(ಸಹಿ)
ಕಚೇರಿಯ ಮುಖ್ಯಸ್ಥರ ಪರವಾಗಿ

ಪ್ರತಿಗಳು:
1. ಶ್ರೀಮತಿ ಕಮಲಾದೇವಿ, ಅಧೀಕ್ಷಕಿ. ಸಾಲಿನಲ್ಲಿರುವುದರಿಂದ ಅಲ್ಲಿಯೇ ತಲುಪಿಸತಕ್ಕದ್ದು.
2. ಶ್ರೀ ಗಂಗಾಧರಯ್ಯ. ಬೆರಳಿಗೆ ಅಂಟಿಕೊಂಡಿದ್ದು, ತಲುಪಿದೆಯೆಂದು ಭಾವಿಸಲಾಗಿದೆ.
3. ಶ್ರೀಮತಿ ಮುನಿಲಕ್ಷ್ಮಮ್ಮ. ಗಟ್ಟಿಯಾಗಿ ಓದಿ ಹೇಳತಕ್ಕದ್ದು.
4. ಕುಮಾರಿ ಚೂಡಾಮಣಿ, ಮೂಲ ಪ್ರತಿ. ಎರಡು ಸಲ ಓದಿಕೊಂಡು, ಸಹಿ ಹಾಕಿ, ಗಂಟಲು ಸರಿಮಾಡಿಕೊಂಡಿರುತ್ತಾರೆ. ಕಿಟಕಿ ತೆರೆಯಲಾಗಿದೆ.