ಬಾರ್ ಎಲ್ರೀ?

ಚನ್ನಕೇಶವಯ್ಯನವರ ಸಿಟ್ಟೆಲ್ಲ ಸೊಸೆ ವನಿತಾಳ ಎಲೆಕ್ಟ್ರಿಕ್ ಸ್ಕೂಟರಿನ ಮೇಲೆ. ಅದು ಮನೆಗೆ ಬಂದಾಗಿನಿಂದ ಅವರ ಧರ್ಮಪತ್ನಿ ಗಂಗರತ್ನಮ್ಮನವರು ತರಕಾರಿಗೆ, ದೇವಸ್ಥಾನಕ್ಕೆ, ಕೊನೆಗೆ ಪಕ್ಕದ ಬೀದಿಯ ರಾಗಿ ಮಿಲ್ಲಿಗೂ ಅದರ ಹಿಂದಿನ ಸೀಟಿನಲ್ಲೇ ಚಿತ್ತೈಸುತ್ತಿದ್ದರು. ಕೊಡಿಗೇಹಳ್ಳಿಯ ಆ ಮನೆಯ ಗೇಟಿಗೆ ಒರಗಿದ್ದ ಯಜಮಾನರ ಹಳೇ ಕರೀ ಸೈಕಲ್ಲಿನ ಬಗ್ಗೆ ಅವರಿಗಿದ್ದದ್ದು ಒಂದೇ ಮಾತು.

"ರೀ, ಆಯುಧಪೂಜೆ ಆಗ್ತಿದ್ದಂಗೆ ಇದನ್ನ ಗುಜರಿಗೆ ಆಕ್ಬುಡಿ."

ಗುಜರಿಗೆ! ಜಾಲಹಳ್ಳಿಯ ಕಾರ್ಖಾನೆಗೆ ಬಿಸಿಲು ಮಳೆಯೆನ್ನದೆ ಅವರನ್ನು ಹೊತ್ತ ಸೈಕಲ್ಲು. ಮದುವೆಯಾದ ಹೊಸದರಲ್ಲಿ ಇದೇ ಗಂಗರತ್ನಮ್ಮನನ್ನು ಕೂರಿಸಿಕೊಂಡು ಹೆಬ್ಬಾಳ ಕೆರೆ ಏರಿಯ ಮೇಲೆ ತೇಲಿದ ಸೈಕಲ್ಲು. (ಆಗ ಅಲ್ಲಿ ಫ್ಲೈಓವರ್ ಇರಲಿಲ್ಲ, ಗಾಳಿ ಇತ್ತು.) ಇನ್ನೊಂದು ಸಲ ಇವಳು ಇದರ ಮೇಲೆ ಕೂತುಬಿಟ್ಟರೆ ಗುಜರಿಯ ಮಾತೇ ಎತ್ತುವುದಿಲ್ಲ ಎಂದು ಅವರಿಗೆ ಹೊಳೆಯಿತು. ಆದರೆ ಆ ಬರೀ ಕಬ್ಬಿಣದ ಕ್ಯಾರಿಯರ್ ಮೇಲೆ ಈ ವಯಸ್ಸಿನಲ್ಲಿ ಕೂರುವುದುಂಟೆ? ಸೈಕಲ್ಲಿನ ಜೀರ್ಣೋದ್ಧಾರಕ್ಕೆಂದು ಅವರು ಗುಟ್ಟಾಗಿ ಆರ್.ಟಿ. ನಗರದ ಗಯಾಸನ ಸೈಕಲ್ ಅಂಗಡಿಗೆ ಹೊರಟರು.

"ಕ್ಯಾರಿಯರ್‌ಗೆ ದಪ್ಪ ಸ್ಪಂಜ್ ಹಾಕು, ಮೇಲೆ ರೆಕ್ಸಿನ್. ಕಾಲಿಡೋಕೆ ಫುಟ್‌ರೆಸ್ಟು, ಒರಗೋಕೆ ಕಂಬಿ, ಮುಂದೆ ತರಕಾರಿ ಬುಟ್ಟಿ."

"ಅಂಕಲ್, ಇದು ಸೈಕಲ್ಲಾ, ಸೋಫಾನಾ?" ಎಂದು ಗಯಾಸ್ ನಕ್ಕ.

"ನಿಮ್ಮ ಆಂಟಿ ಕೂರೋದು ಕಣಪ್ಪ. ಹಾಂ, ಇನ್ನೊಂದು. ಹಿಂದೆ ಕಂಬಿ ಬಂದ್ಮೇಲೆ ನಾನು ಕಾಲೆತ್ತಿ ಹತ್ತೋಕಾಗಲ್ಲ. ಈ ಅಡ್ಡ ಬಾರ್ ಕತ್ತರಿಸಿ, ಲೇಡೀಸ್ ಸೈಕಲ್ ತರ ಕೆಳಗೆ ಬೆಸುಗೆ ಹಾಕು."

"ಬಾರ್ ಬೇಡ್ವಾ? ಆಮೇಲೆ ಕೇಳ್ಬಾರ್ದು ನೋಡಿ."

"ಅದರಿಂದ ಏನಯ್ಯಾ ಉಪಯೋಗ? ಸುಮ್ನೆ ಅಡ್ಡ!"

ಆಯುಧಪೂಜೆಯ ಬೆಳಿಗ್ಗೆ ಸೈಕಲ್ಲು ಚೆಂಡುಹೂವಿನ ಹಾರ ಹಾಕಿಕೊಂಡು ಗೇಟಿನ ಮುಂದೆ ನಿಂತಿತು. ಚನ್ನಕೇಶವಯ್ಯ ಬೆಲ್ ಹೊಡೆದರು. ಅವರ ಎದೆ ಅದಕ್ಕಿಂತ ಜೋರಾಗಿ ಹೊಡೆಯುತ್ತಿತ್ತು.

"ರತ್ನಾ, ಬಾರೇ. ಹೆಬ್ಬಾಳದ ಕಡೆ ಒಂದು ಸುತ್ತು ಹೋಗ್ಬರೋಣ. ಆವತ್ತಿನ ತರ."

ಗಂಗರತ್ನಮ್ಮ ಹೊರಗೆ ಬಂದರು. ಯಾವ ಜನ್ಮದಲ್ಲೋ ಕಂಡ ನಾಚಿಕೆಯೊಂದು ಅವರ ಮುಖದಲ್ಲಿ ಸುಳಿಯಿತು. ತಲೆಯ ಕನಕಾಂಬರ ಸರಿಮಾಡಿಕೊಂಡು, ಮೆಟ್ಟಿಲಿಳಿದು, ನೇರವಾಗಿ ಸೈಕಲ್ಲಿನ ಮುಂಭಾಗಕ್ಕೆ ಬಂದು ನಿಂತರು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

"ಬಾರ್ ಎಲ್ರೀ?"

ಅವರ ದನಿ ಬೀದಿಗೇ ಕೇಳಿಸಿತು. ಎದುರು ಮನೆಯ ವೆಂಕಟರಾಮಯ್ಯನವರು ಪೇಪರಿನಿಂದ ತಲೆಯೆತ್ತಿ, "ಸರ್ಕಲ್‌ನಲ್ಲಿದೆಯಲ್ಲಮ್ಮ, ಆದ್ರೆ ಇಷ್ಟು ಬೇಗ ತೆಗೆಯಲ್ಲ" ಎಂದರು.

"ನಿನ್ನ ಸೀಟು ಹಿಂದೆ ಕಣೇ," ಚನ್ನಕೇಶವಯ್ಯ ರೆಕ್ಸಿನ್ ತಟ್ಟಿದರು. "ಆಗ ಕೂರ್ತಿದ್ಯಲ್ಲ!"

"ಇಂದೆ ಕೂರ್ತಿದ್ದಿದ್ದು ರಾಗಿ ಮೂಟೆ! ಮಿಲ್ಲಿಗೆ ಓಗೋ ನೆಪದಲ್ಲಿ ತಾನೇ ನನ್ನ ಕರ್ಕೊಂಡೋಗ್ತಿದ್ದಿದ್ದು? ನಾನು ಮುಂದೆ, ಬಾರ್ ಮೇಲೆ. ಏರಿ ಅತ್ತುವಾಗ ನಿಮ್ಮ ಉಸಿರು ನನ್ನ ಕಿವೀಗೆ ಬಡೀತಿತ್ತು. ನನಗೆ ನೆನಪಿರೋದೇ ಅದೊಂದು." ಅವರ ಕಣ್ಣು ತುಂಬಿತು. "ನಿಮಗೆ ಮೂಟೆ ನೆನಪೈತೆ, ನಾನಿಲ್ಲ!"

ಚನ್ನಕೇಶವಯ್ಯನವರ ಕೈ ತಾನಾಗಿ ಗಲ್ಲ ಸವರಿಕೊಂಡಿತು. ನಿಜ, ಅವಳ ತಲೆಯ ಹೂವು ತಮ್ಮ ಗಲ್ಲಕ್ಕೆ ತಾಗುತ್ತಿತ್ತು. ಹಿಂದೆ ಕೂತವಳ ಹೂವು ಗಲ್ಲಕ್ಕೆ ಹೇಗೆ ತಾಗೀತು? ಅಷ್ಟೂ ತಿಳಿಯದೆ ಆ ದಿನಗಳನ್ನೆಲ್ಲ ತಾವೇ ದುಡ್ಡು ಕೊಟ್ಟು ಕತ್ತರಿಸಿಕೊಂಡು ಬಂದಿದ್ದರು.

ಗಂಗರತ್ನಮ್ಮ ಒಳಗೆ ಹೋಗಿ ರಾಗಿ ಮೂಟೆ ತಂದು ಆ ಮೆತ್ತನೆಯ ಸಿಂಹಾಸನದ ಮೇಲೆ ಕೂರಿಸಿ, ಒರಗುವ ಕಂಬಿಗೆ ಬಿಗಿದು ಕಟ್ಟಿದರು.

"ನಡೀರಿ, ನಿಮ್ಮ ಪಟ್ಟದರಸೀನ ಮಿಲ್ಲಿಗೆ ಕರ್ಕೊಂಡೋಗಿ. ಬರ್ತಾ ಆ ಬಾರ್ ವಾಪಸ್ ಆಕಿಸ್ಕೊಂಡು ಬನ್ನಿ."

ಚನ್ನಕೇಶವಯ್ಯನವರ ಮುಖ ಅರಳಿತು. "ಹಾಗಾದ್ರೆ ಗುಜರಿಗೆ ಹಾಕ್ಬೇಕಾಗಿಲ್ಲ?"

"ನನ್ನ ಸೀಟು ಗುಜರಿಗೆ ಆಕೋಕೆ ನೀವ್ಯಾರು?"

"ಆದ್ರೆ ರತ್ನಾ, ಬಾರ್ ಬಂದ್ರೆ ನಾನು ಕಾಲೆತ್ತಿ ಹತ್ತೋಕಾಗಲ್ವಲ್ಲೇ!"

"ನಿಮ್ಮನ್ನ ಅತ್ತಿ ಅಂದೋರ್ಯಾರು?" ಗಂಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನಾನು ಕೂತಿರ್ತೀನಿ. ನೀವು ತಳ್ಕೊಂಡು ಬನ್ನಿ."