ಮದ್ದೂರಿನ ಆನೆಯೂ ನಮ್ಮಣ್ಣನ ಪ್ರಶ್ನೆ ಚೀಟಿಯೂ

ದೇವರಿದ್ದಾನೋ ಇಲ್ಲವೋ ಎಂಬುದನ್ನು ನಮ್ಮಣ್ಣ ಇನ್ನೂ ತೀರ್ಮಾನ ಮಾಡಿಲ್ಲ. ನಂಬಿಕೆಯ ತೊಂದರೆ ಏನಿಲ್ಲ, ಸ್ಯಾಂಪಲ್ ಸಾಲದಂತೆ! ಇಂಥವನ ಒಡಹುಟ್ಟಿದವಳಾಗಿ ನಾನು ಬಿಪಿ ಮಾತ್ರೆ ನುಂಗದೆ ಇರಲು ಸಾಧ್ಯವೇ, ನೀವೇ ಹೇಳಿ.

ಅವನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವ ವರ್ಷ ಬೇಕಾದರೂ ಎದ್ದು ಹೋಗು ಅನ್ನಿಸಿಕೊಳ್ಳಬಹುದಾದವನು. ತರಗತಿಗೆ ಐದು ಜನರಾದರೂ ಬೇಕು, ನಾಲ್ಕಾದರೆ ವಿಷಯವನ್ನೇ ಮುಚ್ಚುತ್ತೇವೆ ಎಂದು ಪ್ರಾಂಶುಪಾಲರು ಈ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟರು. ಸೇರಿದವರು ನಾಲ್ಕೇ ಜನ. ಐದನೆಯವಳು ನನ್ನ ಮಗಳು! ಇತಿಹಾಸವೇ ಬೇಕು ಎಂದು ಅವಳು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ನಾನು ಕಣ್ಣೀರು ಹಾಕಿದೆ, ಅವಳು ತತ್ವಶಾಸ್ತ್ರ ಎಂದು ಬರೆದಳು. ಅಣ್ಣನ ಕೆಲಸ ಉಳಿಯಿತು, ನನ್ನ ನೆಮ್ಮದಿ ಹೋಯಿತು. ವಿಷಯ ಬದಲಾಯಿಸಲು ಇನ್ನೂ ಎರಡು ತಿಂಗಳ ಅವಕಾಶವಿತ್ತು. ಮಗಳು ಬಿಟ್ಟುಬಿಟ್ಟರೆ ಅಣ್ಣನ ಗತಿಯೇನು ಎಂದು ಒಂದು ಭಯ. ಬಿಡದಿದ್ದರೆ ಅವಳ ಗತಿಯೇನು ಎಂದು ಇನ್ನೊಂದು. ಎರಡೂ ಭಯಗಳು ನನ್ನೊಬ್ಬಳನ್ನೇ ಹಂಚಿಕೊಂಡು ತಿನ್ನುತ್ತಿದ್ದವು.

ಸುಮ್ಮನೆ ಪಾಠ ಮಾಡಿಕೊಂಡಿದ್ದರೆ ಇಷ್ಟು ಭಯವಿರಲಿಲ್ಲ. "ಕುರ್ಚೀಲಿ ಕೂತ್ಕೊಂಡು 'ಎಲ್ಲರಿಗೂ ಹೀಗೇ ಅನ್ಸುತ್ತೆ' ಅಂತ ಬರ್ದುಬುಡ್ತಾರೆ ಕಣಮ್ಮಿ! ಯಾರನ್ನ ಕೇಳಿದ್ರು? ಹೋಗಿ ಕೇಳ್ಬೇಕು!" ಎಂಬುದು ಅವನ ವಾದ. ತತ್ವಶಾಸ್ತ್ರಕ್ಕೂ ಪ್ರಯೋಗ ಬೇಕಂತೆ. ಮೊದಲ ಪ್ರಯೋಗಾಲಯ ಅತ್ತಿಗೆಯ ಅಡುಗೆಮನೆಯೇ ಆಯಿತು. ಅತ್ತಿಗೆ ಮಾಡಿದ ಒಂದೇ ಸಾರನ್ನು ಎರಡು ಪಾತ್ರೆಗೆ ಸುರಿದು, ಇದು ನಮ್ಮನೆಯದು, ಅದು ಪಕ್ಕದ ಮನೆಯದು ಎಂದು ಹೇಳಿ ಐದೂ ವಿದ್ಯಾರ್ಥಿಗಳಿಗೆ ಬಡಿಸಿ ಯಾವುದು ರುಚಿ ಎಂದು ಕೇಳಿದ. ಪಕ್ಕದ ಮನೆ ಗೆದ್ದಿತು! "ನೋಡಿದ್ರಾ, ನಾಲಿಗೇನೂ ನಂಬಂಗಿಲ್ಲ!" ಎಂದು ಇವನು ಕುಣಿದಾಡಿದ. ಅತ್ತಿಗೆ ಸೌಟು ಕೆಳಗಿಟ್ಟು, "ನಾಳಿಂದ ಎರಡು ಪಾತ್ರೇನೂ ಆ ಮನೆಯಿಂದ್ಲೇ ತರಿಸ್ಕಳಿ" ಎಂದರು. ಮೂರು ದಿನ ಅಣ್ಣನಿಗೆ ನನ್ನ ಮನೆಯಿಂದ ಊಟ ಹೋಯಿತು.

ಆಮೇಲೆ ಬಂತು ಮದ್ದೂರು. ವಡೆಯ ಮದ್ದೂರಲ್ಲ, ಬಂಡೀಪುರದ ಕಾಡಿನ ಪಕ್ಕದ್ದು. ಗುಂಡ್ಲುಪೇಟೆ ದಾಟಿ ಕೇರಳದ ಕಡೆಗೆ ಹೋಗುವ ಕಾಡಂಚಿನ ಊರುಗಳಲ್ಲಿ ಜನರನ್ನು ಕೇಳಲು ಅಣ್ಣ ಎರಡು ಬಗೆಯ ಚೀಟಿ ಮಾಡಿಸಿದ್ದ. ಮೊದಲನೆಯದರಲ್ಲಿ, ಒಬ್ಬ ರೈತ ತನ್ನ ಹೊಲಕ್ಕೆ ಬೇಲಿ ಹಾಕುತ್ತಾನೆ. ಆನೆ ಪಕ್ಕದ ಹೊಲಕ್ಕೆ ತಿರುಗುತ್ತದೆಂದು ಅವನಿಗೆ ಗೊತ್ತು, ಆದರೂ ಹಾಕುತ್ತಾನೆ. ಆನೆ ಪಕ್ಕದವನ ಬಾಳೆ ತುಳಿಯುತ್ತದೆ. ಅವನು ಬೇಕಂತಲೇ ಕೆಡುಕು ಮಾಡಿದನೇ? ಎರಡನೆಯದರಲ್ಲಿ ಎಲ್ಲವೂ ಅದೇ, ಆನೆ ತುಳಿಯುವುದು ಮಾತ್ರ ಪಕ್ಕದವನಿಗೆ ಕಡಿದು ಸಾಕಾಗಿದ್ದ ಲಂಟಾನ ಪೊದೆಯನ್ನು. ಅವನು ಬೇಕಂತಲೇ ಉಪಕಾರ ಮಾಡಿದನೇ?

ಕಾಡಂಚಿನ ಊರಿಗೆ ಪೆನ್ನು ಹಾಳೆ ಹಿಡಿದು ಹೋಗಿ ಆನೆಯ ಮಾತೆತ್ತಿದರೆ ಏನಾಗುತ್ತದೆಂದು ಮಗುವಿಗೂ ಗೊತ್ತು. ನಮ್ಮಣ್ಣನಿಗೆ ಗೊತ್ತಿಲ್ಲ! ಒಂದು ಬೆಳಿಗ್ಗೆ ಐದೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಟೇಬಿಟ್ಟ.

ಮಧ್ಯಾಹ್ನ ಮಗಳ ಫೋನು ಬಂತು. "ಅಮ್ಮ, ಇಲ್ಲಿ ಜನ ನಮ್ಮನ್ನ ಬಿಡ್ತಿಲ್ಲ..." ಅಷ್ಟಕ್ಕೇ ಸಿಗ್ನಲ್ ಹೋಯಿತು. ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಷ್ಟರಲ್ಲಿ ಮೂರು ದೇವರಿಗೆ ಹರಕೆ ಹೊತ್ತಾಗಿತ್ತು. ವಿಷಯ ಬದಲಾಯಿಸಲು ಅಂದೇ ಕೊನೆಯ ದಿನ ಎಂಬುದೂ ಆಗಲೇ ನೆನಪಾಯಿತು. ಅಣ್ಣನ ಕೆಲಸಕ್ಕಾಗಿ ಮಗಳನ್ನು ಎಲ್ಲಿಗೆ ತಂದುಬಿಟ್ಟೆ ನಾನು?

ಹೋಗಿ ನೋಡಿದರೆ ಟೀ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಅಣ್ಣ ಬೆಂಚಿನ ಮೇಲೆ ಎಳನೀರು ಕುಡಿಯುತ್ತಾ ಕೂತಿದ್ದಾನೆ, ಮಡಿಲ ತುಂಬಾ ಪಹಣಿ ಪತ್ರಗಳು! ಆನೆ ಹಾವಳಿಯ ಪರಿಹಾರಕ್ಕೆ ಸರ್ಕಾರದವರು ಬಂದಿದ್ದಾರೆಂದು ಊರಿಗೆ ಊರೇ ದಾಖಲೆ ಹೊತ್ತು ತಂದಿತ್ತು. "ಬಾ ಬಾ, ನೀನೂ ಒಂದು ಉತ್ತರ ಹೇಳು!" ಎಂದ ನನ್ನನ್ನು ನೋಡಿ.

ಗಲಾಟೆ ಅಷ್ಟೇ ಆಗಿದ್ದರೆ ಸರಿ. "ಎಸ್ರಿಲ್ದಿರೋ ರೈತ ಎಲ್ಲವ್ನೆ ಸ್ವಾಮಿ?" ಎಂದು ಜನ ಕೇಳಿದ್ದಕ್ಕೆ, "ಯಾರಾದ್ರೂ ಒಬ್ರು ಅಂತ ಇಟ್ಕೊಳ್ಳಿ" ಎಂದಿದ್ದನಂತೆ ಇವನು. ಅವರು ಹೋದ ತಿಂಗಳಷ್ಟೇ ಬೇಲಿ ಹಾಕಿಸಿದವನನ್ನೇ ಇಟ್ಟುಕೊಂಡರು! ಈಗ ಅವನ ಪಕ್ಕದ ಹೊಲದವನು ಅವನ ಕೊರಳಪಟ್ಟಿ ಹಿಡಿದು ನಿಂತಿದ್ದ. "ಇವ್ರು ಕೇಳ್ದೇಟ್ಗೆ ಎಲ್ರೂವೆ ಬೇಕಂತ್ಲೇ ಮಾಡವ್ನೆ ಅಂದ್ರು ಕಣ್ಲಾ!"

ಇಬ್ಬರ ನಡುವೆ ನನ್ನ ಮಗಳು. "ಬಾರೇ ಈಚೆ!" ಎಂದು ನಾನು ಕೂಗಿದೆ. ಅವಳು ಮಾತ್ರ ಎರಡನೆಯ ಚೀಟಿ ತೆಗೆದು ಜೋರಾಗಿ ಓದಿದಳು. "ಇದಕ್ಕೆ ಎಲ್ಲರೂ ಏನಂದ್ರಿ? ಉಪಕಾರ ತಾನಾಗೇ ಆಯ್ತು, ಅವನು ಬೇಕಂತ ಮಾಡ್ಲಿಲ್ಲ ಅಂದ್ರಿ ತಾನೆ?"

ಬೇಲಿಯವನಿಗೆ ಜೀವ ಬಂತು. "ಅಂಗಾರೆ ನನ್ ಬೇಲಿಯಿಂದ ಇವನ ಪೊದೆ ನಾಸ ಆದ್ರೆ ಆನೆ ಪುಣ್ಯ, ಬಾಳೆ ನಾಸ ಆದ್ರೆ ನನ್ ಪಾಪವಾ?"

ಕೊರಳಪಟ್ಟಿ ಹಿಡಿದ ಕೈ ಸಡಿಲವಾಯಿತು. ಒಬ್ಬ ಅಜ್ಜಿ ಎಲೆಯಡಿಕೆ ಉಗಿದು, "ಅದೂ ದಿಟವೇ ಕನ. ಅಂಗ್ಯಾಕಂದೋ ನಾವು?" ಎಂದಳು. ಆಮೇಲೆ ಒಂದು ಗಂಟೆ ಅಲ್ಲಿ ಪಹಣಿಯ ಸುದ್ದಿಯೇ ಇಲ್ಲ. ಎಲ್ಲರಿಗೂ ತಾವು ಹಾಗೇಕೆ ಅಂದೆವು ಎಂಬುದೇ ಚರ್ಚೆ! ಮಗಳು ಬರೆದುಕೊಳ್ಳುತ್ತಲೇ ಇದ್ದಳು.

ಬಸ್ಸಿನಲ್ಲಿ ಕೂತ ಮೇಲೆ ನನ್ನ ಭಯವೆಲ್ಲ ಸಿಟ್ಟಾಯಿತು. "ನಿನ್ನ ಕೆಲಸ ಉಳಿಸೋಕೆ ಅಂತ ನನ್ನ ಮಗಳ ಇಷ್ಟ ಮುರಿದೆ ಕಣಣ್ಣ. ಇವತ್ತೇ ಕೊನೇ ದಿನ, ಅದೂ ಮುಗೀತು!" ಎಂದು ಎಲ್ಲರ ಮುಂದೆ ಕೂಗಿಬಿಟ್ಟೆ.

ಮಗಳು ಬ್ಯಾಗಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ವಿಷಯ ಬದಲಾವಣೆಯ ಅರ್ಜಿ. ಕೆಳಗೆ ವಿಭಾಗದ ಒಪ್ಪಿಗೆ ಎಂದಿರುವಲ್ಲಿ ಅಣ್ಣನ ಸಹಿ. "ಮೊದಲನೇ ವಾರಾನೇ ಮಾವ ಕೊಟ್ಟಿದ್ರು ಅಮ್ಮ. ನಿಮ್ಮಮ್ಮಂಗೆ ಹೇಳ್ಬೇಡ, ಯಾವತ್ತು ಬೇಕೋ ಅವತ್ತು ಆಫೀಸಿಗೆ ಕೊಡು ಅಂದ್ರು." ಅವಳ ಸಹಿಯ ಜಾಗ ಖಾಲಿಯಿತ್ತು.

ಅಣ್ಣ ಬಗ್ಗಿ ಆ ಖಾಲಿ ಜಾಗವನ್ನು ನೋಡಿದ. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ.

"ಕೊಟ್ಟೇ ಇಲ್ವಾ ಮಗಾ?" ಎಂದ. "ಎರಡು ತಿಂಗ್ಳಿಂದ ಕೇಳಕ್ಕೆ ಎದ್ರಿಕೆ ಆಯ್ತಿತ್ತು ಕಣವ್ವ."