ಅಜ್ಜಿ ಎಣಿಸಗೊಡದ ಮೀನುಗಳು

ನನ್ನ ಎದೆ ಡವಡವ ಎನ್ನುವ ಹೊತ್ತಿಗೇ ಸುತ್ತಲಿನವರಿಗೆ ನಗು ಬರುವಂಥದ್ದೇನಾದರೂ ನಡೆದುಹೋಗುತ್ತದೆ. ಮೀನುಗಾರಿಕೆ ಕಚೇರಿಯಲ್ಲಿ ಟೈಪಿಸ್ಟ್ ಆದಮೇಲಂತೂ ವಾರಕ್ಕೊಂದು. ಪುಣಜನೂರು ದಾರಿಯ ಹೊಳೆಗೆ ಹೂಳು ತುಂಬಿ ಮುಚ್ಚಿಹೋಗಿದ್ದ ಒಂದು ಕವಲಿತ್ತು. ಅದನ್ನು ತೋಡಿಸಿ, ನೀರು ಹರಿಸಿ, ಮೀನು ಮತ್ತೆ ನೆಲೆಸುವಂತೆ ಮಾಡುವುದು ನಮ್ಮ ಕಚೇರಿಯ ಯೋಜನೆ. ಮೀನು ನಿಲ್ಲದಿದ್ದರೆ ಕವಲನ್ನೂ ಮುಚ್ಚುತ್ತಾರೆ, ನನ್ನ ಹಂಗಾಮಿ ಕೆಲಸವೂ ಮುಗಿಯುತ್ತದೆ.

ಒಂದು

ಮೀನುಮರಿಗಳ ಡಬ್ಬ ಹಿಡಿದು ಮೈಸೂರಿನಲ್ಲಿ ಬಸ್ಸು ಹತ್ತಿದೆ. ಗಾಳಿ ಸೇರದಿದ್ದರೆ ಮರಿಗಳು ಸಾಯುತ್ತವೆ, ಕೈಯಿಂದ ನೀರು ಕದಡುತ್ತಲೇ ಇರು ಎಂದಿದ್ದರು ನಮ್ಮ ಸಾಹೇಬರು. ಕದಡಿದೆ. ಪಕ್ಕದ ಹೆಂಗಸು, "ಏನಮ್ಮಿ, ಮಜ್ಜಿಗೆ ಕಡೀತಿದ್ದೀಯಾ?" ಎಂದಳು. ಅವಳ ಕೊರಳಲ್ಲಿ ಲಿಂಗದ ಕರಡಿಗೆ. ಮೀನು ಎನ್ನಲು ಬಾಯಿ ಬರದೆ ತಲೆಯಾಡಿಸಿಬಿಟ್ಟೆ. ಚಾಮರಾಜನಗರ ಬರುವವರೆಗೂ ಇಡೀ ಬಸ್ಸು ಕೇಳುತ್ತಿತ್ತು: "ಬೆಣ್ಣೆ ಬಂತೇನವ್ವಾ?"

ಎರಡು

ಕವಲು ಹಾಯುವುದು ಒಬ್ಬ ಅಜ್ಜಿಯ ಹೊಲದಲ್ಲಿ. ಮೀನು ಮುಟ್ಟದ ಮನೆ. ಯಾರೂ ಬಲೆ ಹಾಕಕೂಡದು ಎಂಬ ಮಾತಿನ ಮೇಲೆ ಜಾಗ ಬಿಟ್ಟಿದ್ದಳು. ಮರಿ ಬಿಡುವಾಗ ನಾನು "ಒಂದು, ಎರಡು" ಎಂದೆನಷ್ಟೇ, ಕೈಮೇಲೆ ಏಟು ಬಿತ್ತು.

"ಕೂಸುಗಳ್ನ ಯಾರಾದ್ರೂ ಎಣಿಸ್ತಾರೇನಮ್ಮಿ? ದೃಷ್ಟಿ ಆಯ್ತದೆ ಕಣ!"

ಕಾನ್ವೆಂಟಿನಲ್ಲಿ ಮೀನಿನ ಮೇಲೆ ಇಂಗ್ಲಿಷ್ ಪದ್ಯ ಹೇಳಿಕೊಟ್ಟಿದ್ದರು. ಅಜ್ಜಿಯೊಡನೆ ವಾದ ಮಾಡುವುದನ್ನಲ್ಲ. ವರದಿಯಲ್ಲಿ 'ಸಂಖ್ಯೆ' ಎಂಬ ಕಾಲಂ ಖಾಲಿ ಉಳಿಯಿತು. ಸಾಹೇಬರು ಸಿಡುಕಿ, ಎಣಿಸಿ ಬಾ ಎಂದು ಮತ್ತೆ ಅಟ್ಟಿದರು. ಸಂಜೆ, "ಎಷ್ಟಾಯ್ತು?" ಎಂದು ಕೇಳಿದಾಗ ನನಗೆ ಗೊತ್ತಿದ್ದ ಲೆಕ್ಕ ಒಂದೇ.

"ಏಟು ಎರಡಾಯ್ತು, ಸಾರ್."

ಮೂರು

ತಪಾಸಣೆಗೆ ದೊಡ್ಡ ಸಾಹೇಬರೇ ಬಂದರು. ಕವಲಿನ ನೀರು ಅಲುಗದೆ ನಿಂತಂತಿತ್ತು. ಒಂದು ಮೀನೂ ಕಾಣದು.

"ಎಲ್ಲಿ ಮೀನು? ಬಲೆ ಹಾಕಿಸಿ."

ಬಲೆ ಹಾಕಿದರೆ ಅಜ್ಜಿ ಕೊಟ್ಟ ಜಾಗ ಹಿಂದಕ್ಕೆ ಕೇಳಿಯಾಳು; ಹಾಕದಿದ್ದರೆ ಇವರು ಕವಲು ಮುಚ್ಚಿಸಿಯಾರು. ಅಲ್ಲೇ ನಿಂತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಪುರಿ ಎರಚಿ, "ಬನ್ರಪ್ಪಾ" ಎಂದಳು. ನೀರಿನ ತುಂಬ ಪುಟ್ಟಪುಟ್ಟ ಬಾಯಿಗಳು!

ದೊಡ್ಡ ಸಾಹೇಬರು ಹಿಗ್ಗಿಹೋದರು. ಖಾಲಿ ಕಾಲಂ ನೋಡಿ, "ಇಷ್ಟಕ್ಕೇನು ಕಷ್ಟ?" ಎಂದು ಬೆರಳೆತ್ತಿ ತಾವೇ ಎಣಿಸತೊಡಗಿದರು. ಅಜ್ಜಿಯ ಕೈಯೂ ಮೇಲೆದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ಏಟಿನ ಸದ್ದು ಬರಲಿಲ್ಲ.

"ಸ್ವಾಮಿ, ನಿಮಗೆಷ್ಟು ಮಕ್ಳು?"

ಬಾಯಿ ತೆರೆದವರು ಅತ್ತಿತ್ತ ನೋಡಿದರು. ಎತ್ತಿದ ಬೆರಳು ಮೆಲ್ಲಗೆ ಮಡಿಸಿಕೊಂಡರು.

"ದೇವರು ಕೊಟ್ಟಷ್ಟಿವೆ, ತಾಯಿ."

ಸಂಖ್ಯೆಯ ಕಾಲಮ್ಮಿನಲ್ಲಿ ಅದನ್ನೇ ಇಂಗ್ಲಿಷಿಗೆ ತಂದು ಟೈಪ್ ಮಾಡಿದೆ. ಸಹಿ ಅವರದೇ.